ಹೊಸ ಫ್ಯುಯೆಲ್ ಪಂಪ್ ಹಾಕಿದ ಮೇಲೂ ಎಂಜಿನ್ ಮುಗ್ಗರಿಸುತ್ತಿದೆಯೇ? ದೋಷ ಹುಡುಕುವ ಕ್ರಮ

ಪಂಪ್ ಬದಲಾಯಿಸಿ ಆಗಿದೆ. ಸೆಲ್ಫ್ ಹೊಡೆದರೆ ಕಾರು ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್‌ನಲ್ಲಿ ಸಲೀಸಾಗಿ ನಿಲ್ಲುತ್ತದೆ. ಆದರೆ ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಎಳೆಯುವುದೇ ಇಲ್ಲ. ಇಲ್ಲವೇ ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹೋಗುವಾಗ ಶಕ್ತಿ ಕುಸಿದು, ಕಾಲು ಸ್ವಲ್ಪ ಸಡಿಲಿಸಿದರೆ ಮತ್ತೆ ಬರುತ್ತದೆ. ಇಂಥ ಹೊತ್ತಿನಲ್ಲಿ ಕೆಲವರು ‘ಪಂಪ್ ಹೊಸದು, ಅದರದ್ದಲ್ಲ’ ಎಂದುಕೊಂಡು ಪ್ಲಗ್, ಕಾಯಿಲ್, ಸೆನ್ಸರ್ ಅಂತ ಒಂದೊಂದಾಗಿ ಬದಲಾಯಿಸುತ್ತಾ ಹೋಗುತ್ತಾರೆ. ಇನ್ನು ಕೆಲವರು ಪಂಪೇ ಕಳಪೆ ಎಂದು ಇನ್ನೊಂದನ್ನು ತಂದು ಹಾಕುತ್ತಾರೆ. ಎರಡೂ ಬರೀ ಊಹೆ. ತಿಳಿಯಬೇಕಾದ್ದು ಒಂದೇ: ಎಂಜಿನ್ ಮುಗ್ಗರಿಸುವ ಆ ಗಳಿಗೆಯಲ್ಲಿ ಇಂಜೆಕ್ಟರ್ ರೈಲಿನಲ್ಲಿ (ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳಿಗೆ ಅದನ್ನು ಹಂಚುವ ಕೊಳವೆಯಲ್ಲಿ) ಪ್ರೆಶರ್ ಎಷ್ಟಿತ್ತು? ಉತ್ತರ ಸಿಕ್ಕರೆ ಅರ್ಧ ಸಂಶಯಗಳು ತಾವಾಗಿಯೇ ಉದುರಿಹೋಗುತ್ತವೆ.

ಇಲ್ಲಿ ಹೇಳುವುದು ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇರುವ ಪೆಟ್ರೋಲ್ ಇಂಜೆಕ್ಷನ್ ಕಾರುಗಳಿಗೆ. ಡೀಸೆಲ್ ಕಾರುಗಳ ಲೆಕ್ಕವೇ ಬೇರೆ. ಕಾರ್ಬ್ಯುರೇಟರ್ ಗಾಡಿಗಳ ಬಗ್ಗೆ ಒಂದು ಮಾತು ಕೊನೆಯ ಹೊತ್ತಿಗೆ ಬರುತ್ತದೆ.

ಮೊದಲೂ ಹೀಗೇ ಇತ್ತೇ?

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮುಗ್ಗರಿಸುತ್ತಿತ್ತು ಎಂಬ ಕಾರಣಕ್ಕೇ ಪಂಪ್ ಬದಲಾಯಿಸಿದ್ದು, ಈಗಲೂ ಅದೇ ರೀತಿ ಮುಗ್ಗರಿಸುತ್ತಿದೆ ಎಂದಾದರೆ ಹಳೆಯ ಪಂಪ್ ನಿರಪರಾಧಿ ಆಗಿರುವ ಸಾಧ್ಯತೆ ದೊಡ್ಡದು. ವೈರಿಂಗ್, ಫಿಲ್ಟರ್, ಏರ್‌ಫ್ಲೋ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವುದು), ಇಗ್ನಿಷನ್, ಸೈಲೆನ್ಸರ್ ಕಡೆ ಇವುಗಳಲ್ಲಿ ಯಾವುದೋ ಒಂದು ಮೊದಲಿಂದಲೂ ಇದೆ. ಹಾಗಲ್ಲದೆ, ಹಳೆಯ ಪಂಪ್ ಪೂರ್ತಿ ಸತ್ತು ಗಾಡಿ ನಿಂತುಹೋಗಿತ್ತು, ಅದಕ್ಕೂ ಮುಂಚೆ ಪಿಕಪ್ ಚೆನ್ನಾಗಿಯೇ ಇತ್ತು, ಮುಗ್ಗರಿಕೆ ಶುರುವಾಗಿದ್ದು ಪಂಪ್ ಹಾಕಿದ ಮೇಲೆ ಎಂದಾದರೆ, ಕೈ ಮುಟ್ಟಿದ ಜಾಗಗಳಲ್ಲೇ ಹುಡುಕಬೇಕು: ಟ್ಯಾಂಕಿನೊಳಗಿನ ಪೈಪು, ಸ್ಟ್ರೈನರ್ (ಪಂಪಿನ ಬಾಯಿಯ ಜಾಲರಿ), ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಕನೆಕ್ಟರ್, ಟ್ಯಾಂಕಿನ ಮೇಲಿನ ಹೋಸುಗಳು, ಮತ್ತು ಖುದ್ದು ಹೊಸ ಪಂಪ್.

ಮುಗ್ಗರಿಕೆಯ ಬಗೆಯನ್ನೂ ಗಮನಿಸಿ. ಪೆಟ್ರೋಲ್ ಸಾಲದೆ ಬರುವ ಕುಸಿತ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಲೋಡ್ ಹೆಚ್ಚಿದಂತೆ ಎಂಜಿನ್ ಸೊರಗುತ್ತಾ ಹೋಗುತ್ತದೆ, ಕಾಲು ಸಡಿಲಿಸಿದರೆ ಚೇತರಿಸಿಕೊಳ್ಳುತ್ತದೆ. ಇಗ್ನಿಷನ್ ಮಿಸ್ಸಿಂಗ್ ಆದರೆ ಟಕ್ ಟಕ್ ಎಂದು ಜರ್ಕ್ ಹೊಡೆಯುತ್ತದೆ, ಅದೂ ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಲೋಡ್ ಬಿದ್ದಾಗ. ಪೆಡಲ್ ಒತ್ತಿದ ಮೊದಲ ಅರ್ಧ ಸೆಕೆಂಡಿನಲ್ಲಿ ಮಾತ್ರ ತಡವರಿಸಿ ಆಮೇಲೆ ಪೂರ್ತಿ ಎಳೆಯುತ್ತಿದ್ದರೆ ಥ್ರಾಟಲ್ ಬಾಡಿ (ಪೆಡಲ್ ಒತ್ತಿದಷ್ಟು ಗಾಳಿ ಬಿಡುವ ಭಾಗ), ಏರ್‌ಫ್ಲೋ ಸೆನ್ಸರ್, ವ್ಯಾಕ್ಯೂಮ್ ಲೀಕ್ (ಅಳತೆ ತಪ್ಪಿಸಿ ಗಾಳಿ ಒಳನುಗ್ಗುವ ಸೋರಿಕೆ) ಕಡೆ ಅನುಮಾನ ಹೆಚ್ಚು. ಪೆಟ್ರೋಲ್ ಹಾಕಿಸಿದ ಕೂಡಲೇ ಕೆಲವು ನಿಮಿಷ ಮಾತ್ರ ತೊಂದರೆ ಕೊಡುವುದು ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಕಳಿಸುವ ಪರ್ಜ್ ವಾಲ್ವ್ ತೆರೆದೇ ಉಳಿದಿರುವ ಲಕ್ಷಣ. ಇವು ದಿಕ್ಕು ತೋರಿಸುವ ಸುಳಿವುಗಳು ಅಷ್ಟೇ, ತೀರ್ಪಲ್ಲ.

ಬ್ಯಾಟರಿ ಟರ್ಮಿನಲ್ ತೆಗೆದು ಕೆಲಸ ಮಾಡಿದ್ದರೆ ಇನ್ನೊಂದು ಸಂಗತಿ ನೆನಪಿರಲಿ. ಇಸಿಯು (ಎಂಜಿನ್ ಕಂಪ್ಯೂಟರ್) ಕಲಿತಿಟ್ಟುಕೊಂಡಿದ್ದ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಪ್ರಮಾಣದ ತಿದ್ದುಪಡಿ) ಮತ್ತು ಥ್ರಾಟಲ್ ಅಡಾಪ್ಟೇಶನ್ (ಥ್ರಾಟಲ್ ಹೊಂದಾಣಿಕೆ) ಹಲವು ಕಾರುಗಳಲ್ಲಿ ಅಳಿಸಿಹೋಗುತ್ತದೆ. ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದ್ದರೂ ಇಸಿಯು ಅದಕ್ಕೆ ಹೊಂದಿಕೊಂಡಿತ್ತು; ಈಗ ಆ ಹೊಂದಾಣಿಕೆ ಇಲ್ಲದೆ ಐಡ್ಲಿಂಗ್ ಏರುಪೇರಾಗಿ ಪೆಡಲ್ ಒತ್ತಿದ ಕೂಡಲೇ ತಡವರಿಸುತ್ತದೆ. ಥ್ರಾಟಲ್ ಬಾಡಿ ಶುಚಿಮಾಡಿ, ಆ ಮಾದರಿಗೆ ಹೇಳಿರುವ ಐಡಲ್ ರೀಲರ್ನ್ (ಐಡ್ಲಿಂಗ್ ಅನ್ನು ಇಸಿಯುಗೆ ಮತ್ತೆ ಕಲಿಸುವ ಕ್ರಮ) ಮಾಡಿಸಿದರೆ ಈ ಬಗೆಯ ತಡವರಿಕೆ ಹೋಗುತ್ತದೆ. ಏರು ಹತ್ತುವಾಗಿನ ಕುಸಿತ ಮಾತ್ರ ಇದರಿಂದ ಹೋಗುವುದಿಲ್ಲ.

ಉಪಕರಣ ಇಲ್ಲದೆ ಮಾಡಬಹುದಾದ ಎರಡು ಪರೀಕ್ಷೆ

ಒಂದು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದ್ದಾಗ ಮುಗ್ಗರಿಸುತ್ತದೆ ನೋಡಿ. ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದಾಗ, ಅದರಲ್ಲೂ ತಿರುವಿನಲ್ಲಿ ಅಥವಾ ಏರಿನಲ್ಲಿ ಕಾಣಿಸಿಕೊಂಡು, ಮುಕ್ಕಾಲು ತುಂಬಿಸಿದರೆ ಮಾಯವಾಗುತ್ತದೆ ಎಂದಾದರೆ ದೋಷ ಟ್ಯಾಂಕಿನೊಳಗೇ ಇದೆ. ಸ್ಟ್ರೈನರ್ ತಪ್ಪು ದಿಕ್ಕಿಗೆ ತಿರುಗಿದೆ ಅಥವಾ ಮಡಚಿಕೊಂಡಿದೆ, ಪಂಪ್ ಕೂರುವ ಬಕೆಟ್ ತುಂಬುತ್ತಿಲ್ಲ, ಇಲ್ಲವೇ ಒಳಗಿನ ಪೈಪು ಸೋರುತ್ತಿದೆ. ಪೈಪು ಪೆಟ್ರೋಲಿನಲ್ಲಿ ಮುಳುಗಿದ್ದರೂ ಸೋರಿಕೆ ನಿಲ್ಲುವುದಿಲ್ಲ, ಆದರೆ ತುಂಬಿದ ಟ್ಯಾಂಕಿನಲ್ಲಿ ಪಂಪಿಗೆ ಗಾಳಿ ಸಿಗುವುದಿಲ್ಲವಾದ್ದರಿಂದ ತೊಂದರೆ ಒಂದಿಷ್ಟು ಮರೆಯಾಗುತ್ತದೆ.

ಎರಡು, ಮುಗ್ಗರಿಸತೊಡಗಿದಾಗ ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ತೆರೆಯಿರಿ. ಸಣ್ಣಗೆ ಬುಸ್ ಎನ್ನುವುದು ಸಹಜ. ಹೊರಗಿನ ಗಾಳಿ ಒಳಕ್ಕೆ ಜೋರಾಗಿ ಎಳೆದುಕೊಂಡಂತೆ ಸದ್ದಾಗಿ, ಮುಚ್ಚಳ ಹಾಕಿ ಹೊರಟ ಮೇಲೆ ಮತ್ತೊಂದಿಷ್ಟು ದೂರ ಚೆನ್ನಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟ್ಯಾಂಕಿನಲ್ಲಿ ವ್ಯಾಕ್ಯೂಮ್ ಆಗಿ, ಎಷ್ಟೇ ಒಳ್ಳೆಯ ಪಂಪ್ ಆದರೂ ಸೋಲುತ್ತದೆ. ಟ್ಯಾಂಕ್ ಇಳಿಸಿ ಪಂಪ್ ಹಾಕಿದ ಗಾಡಿಗಳಲ್ಲಿ ವೆಂಟ್ ಹೋಸು ಟ್ಯಾಂಕಿಗೂ ಬಾಡಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿರುವುದು ಇದಕ್ಕೆ ಬಹಳ ಸಾಮಾನ್ಯ ಕಾರಣ. ಹಿಂದಿನ ಸೀಟಿನ ಕೆಳಗಿನ ಮುಚ್ಚಳದಿಂದಲೇ ಪಂಪ್ ತೆಗೆಯುವಂಥ ಕಾರುಗಳಲ್ಲಿ ಈ ತೊಂದರೆ ಅಪರೂಪ.

ಕೆಲಸಕ್ಕೆ ಇಳಿಯುವ ಮೊದಲು

ಇಂಧನ ಲೈನಿನಲ್ಲಿ ಮೂರು-ನಾಲ್ಕು ಬಾರ್ ಪ್ರೆಶರಿನಲ್ಲಿ ಪೆಟ್ರೋಲ್ ನಿಂತಿರುತ್ತದೆ. ಲೈನ್ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿಯೇ ಆರಿಹೋಗುವವರೆಗೆ ಬಿಡಿ. ಆಮೇಲೆ ಎರಡು ಸಲ ಸೆಲ್ಫ್ ಹೊಡೆದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ. ಜಾಯಿಂಟ್ ಸುತ್ತ ಬಟ್ಟೆ ಸುತ್ತಿಯೇ ಬಿಚ್ಚಿ, ಕಣ್ಣಿಗೆ ಕನ್ನಡಕ ಇರಲಿ. ಕೆಲಸ ಬಯಲಿನಲ್ಲಿ ನಡೆಯಲಿ. ಎಂಜಿನ್ ಬಿಸಿ ಇರಬಾರದು. ಪೆಟ್ರೋಲ್ ಬೆಂಕಿಗೆ ಆಗುವಂಥ ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟಕುವ ಹಾಗಿರಲಿ. ಪಂಪ್ ಓಡಿಸಲು ಟ್ಯಾಂಕಿನ ಬಾಯಿಯ ಹತ್ತಿರ ವೈರ್ ತಾಗಿಸಿ ಕಿಡಿ ಹಾರಿಸುವ ಕೆಲಸ ಯಾವತ್ತೂ ಬೇಡ. ರಿಲೇ ಸಾಕೆಟ್ಟಿನಲ್ಲಿ ಫ್ಯೂಸ್ ಇರುವ ಜಂಪರ್ ಹಾಕಿ ಓಡಿಸಿ.

ಹೊಸ ಪಂಪನ್ನು ಒಣಗಿದ್ದಾಗ ಓಡಿಸಿ ‘ಸದ್ದು ಬರುತ್ತಾ’ ಎಂದು ನೋಡುವ ಅಭ್ಯಾಸ ಹಲವರಿಗಿದೆ. ಪಂಪಿನ ಒಳಗೆ ಹರಿಯುವ ಪೆಟ್ರೋಲೇ ಅದನ್ನು ತಂಪಾಗಿಡುವುದು, ಅದೇ ಅದಕ್ಕೆ ಎಣ್ಣೆ ಇದ್ದ ಹಾಗೆ. ಒಣಗಿದ ಪಂಪ್ ಓಡಿಸಿದರೆ ಹಾಕುವ ಮುಂಚೆಯೇ ಸವೆಸಿದಂತೆ.

ಪ್ರೆಶರ್ ಅಳೆಯುವುದು

ರೈಲಿನ ಮೇಲೆ ಟೈರ್ ವಾಲ್ವಿನಂಥ ಟೆಸ್ಟ್ ಪೋರ್ಟ್ ಇದ್ದರೆ ಗೇಜ್ ನೇರವಾಗಿ ಕೂರುತ್ತದೆ. ಇಲ್ಲದಿದ್ದರೆ ಲೈನಿನ ಕ್ವಿಕ್ ಕನೆಕ್ಟರ್ ಬಿಚ್ಚಿ, ಅದಕ್ಕೆ ಹೊಂದುವ ಟಿ-ಅಡಾಪ್ಟರ್ ಹಾಕಬೇಕು. ಕೀ ಆನ್ ಮಾಡಿದಾಗ ಹೆಚ್ಚಿನ ಕಾರುಗಳಲ್ಲಿ ಪಂಪ್ ಸುಮಾರು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಹೊಸದಾಗಿ ಹಾಕಿದ್ದರೆ ಲೈನಿನಲ್ಲಿ ಗಾಳಿ ಇರುತ್ತದೆ. ನಾಲ್ಕೈದು ಸಲ ಕೀ ಆನ್-ಆಫ್ ಮಾಡಿ, ಆಮೇಲೆ ಓದಿ.

ಸರಿಯಾದ ಅಂಕಿ ಆಯಾ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವುದೇ. ಆದರೂ ಅಂದಾಜು ಗೊತ್ತಿರಬೇಕು. ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರಿಗೆ ಗಾಳಿ ಹೋಗುವ ಕೊಳವೆಯಲ್ಲಿ) ಇಂಜೆಕ್ಟರ್ ಇರುವ ಸಾಮಾನ್ಯ ಎಂಜಿನ್ನುಗಳಲ್ಲಿ 3ರಿಂದ 4 ಬಾರ್, ಅಂದರೆ ಸುಮಾರು 43ರಿಂದ 58 ಪಿಎಸ್‌ಐ. ಹಳೆಯ, ಥ್ರಾಟಲ್ ಬಾಡಿಯಲ್ಲೇ ಒಂದು ಇಂಜೆಕ್ಟರ್ ಇರುವ ವ್ಯವಸ್ಥೆಯಲ್ಲಿ ಒಂದು ಬಾರಿನ ಆಸುಪಾಸು. ಸಿಲಿಂಡರಿನೊಳಕ್ಕೇ ಪೆಟ್ರೋಲ್ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಟ್ಯಾಂಕಿನ ಪಂಪ್ ಕೊಡುವುದು ಸುಮಾರು 4ರಿಂದ 6 ಬಾರ್. ಅಲ್ಲಿಂದ ಮುಂದೆ ಕ್ಯಾಮ್‌ಶಾಫ್ಟಿನಿಂದ ಓಡುವ ಹೈ ಪ್ರೆಶರ್ ಪಂಪ್ ಅದನ್ನು ನೂರಾರು ಬಾರಿಗೆ ಏರಿಸುತ್ತದೆ. ಆ ಹೈ ಪ್ರೆಶರ್ ಭಾಗಕ್ಕೆ ಕೈಗೇಜ್ ಹಾಕಲೇಬಾರದು, ಸ್ಕ್ಯಾನರಿನಲ್ಲಿ (ಇಸಿಯುವಿನ ಅಂಕಿಗಳನ್ನು ಓದುವ ಉಪಕರಣದಲ್ಲಿ) ಇಸಿಯು ಕೇಳಿದ ಪ್ರೆಶರ್ ಎಷ್ಟು, ಸಿಕ್ಕಿದ್ದು ಎಷ್ಟು ಎಂದು ನೋಡಬೇಕು.

ಜನ ಎಡವುವುದು ಇಲ್ಲೇ. ಐಡ್ಲಿಂಗ್‌ನಲ್ಲಿ ಗೇಜ್ 3.5 ತೋರಿಸಿತು, ‘ಪ್ರೆಶರ್ ಸರಿ ಇದೆ’ ಎಂದು ಗೇಜ್ ಬಿಚ್ಚಿಡುತ್ತಾರೆ. ಸುಮಾರು ನೂರು ಅಶ್ವಶಕ್ತಿಯ ಎಂಜಿನ್ ಐಡ್ಲಿಂಗ್‌ನಲ್ಲಿ ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಕುಡಿಯುತ್ತದೆ. ಅದೇ ಎಂಜಿನ್ ಪೂರ್ತಿ ಲೋಡಿನಲ್ಲಿ ಪೂರ್ತಿ ಶಕ್ತಿ ಕೊಡುವಾಗ ಗಂಟೆಗೆ ಮೂವತ್ತು ಲೀಟರಿನ ದರದಲ್ಲಿ ಕೇಳುತ್ತದೆ. ಅರ್ಧ ಕಟ್ಟಿದ ಫಿಲ್ಟರ್, ಸೋರುವ ಒಳಪೈಪು, ಸಾಕಷ್ಟು ವೋಲ್ಟೇಜ್ ಸಿಗದ ಪಂಪ್ ಎಲ್ಲವೂ ಆ ಒಂದು ಲೀಟರಿನ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತವೆ. ನಿಂತಲ್ಲೇ ರೇಸ್ ಕೊಟ್ಟು ನೋಡಿದರೂ ಸಾಲದು, ಯಾಕೆಂದರೆ ಲೋಡ್ ಇಲ್ಲ.

ಹಾಗಾಗಿ ಗೇಜನ್ನು ರಸ್ತೆಗೆ ತೆಗೆದುಕೊಂಡು ಹೋಗಬೇಕು. ಉದ್ದ ಹೋಸಿನ ಗೇಜನ್ನು ಬಾನೆಟ್ಟಿನ ಹಿಂಬದಿಯ ಸಂದಿಯಿಂದ ಹೊರತಂದು, ವೈಪರಿನ ಹತ್ತಿರ ಗಾಜಿನ ಹೊರಗೆ ಟೇಪಿನಿಂದ ಭದ್ರ ಮಾಡಿ. ಪೆಟ್ರೋಲ್ ಇರುವ ಗೇಜ್ ಕ್ಯಾಬಿನ್ ಒಳಗೆ ಬರಕೂಡದು. ಹೋಸು ಫ್ಯಾನಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ತಾಗದಂತೆ ಕಟ್ಟಿ. ಹೊರಡುವ ಮುನ್ನ ಎಂಜಿನ್ ಓಡಿಸಿ ಒಂದು ಹನಿಯೂ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಓಡಿಸುವವರು ಒಬ್ಬರು, ಗೇಜ್ ಓದುವವರು ಇನ್ನೊಬ್ಬರು. ವಾಹನ ಸಂಚಾರ ಇಲ್ಲದ ಏರಿನಲ್ಲಿ, ಮೂರನೇ ಗೇರಿನಲ್ಲಿ, ಮುಗ್ಗರಿಸುವ ಪರಿಸ್ಥಿತಿಯನ್ನೇ ಮರಳಿ ತನ್ನಿ. ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ, ಅಥವಾ ರೈಲಿನಲ್ಲಿ ಸೆನ್ಸರ್ ಇರುವ ಕಾರಿನಲ್ಲಿ ಈ ಸರ್ಕಸ್ ಬೇಡ. ಸ್ಕ್ಯಾನರಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡಿದರಾಯಿತು.

ಗೇಜ್ ಏನು ಹೇಳುತ್ತದೆ? ಪ್ರೆಶರ್ ಅಲುಗದೆ ನಿಂತಿದ್ದರೂ ಎಂಜಿನ್ ಮುಗ್ಗರಿಸಿದರೆ ಪಂಪ್, ಫಿಲ್ಟರ್, ಲೈನ್ ಮೂರನ್ನೂ ಬದಿಗಿಡಬಹುದು. 0.3 ಬಾರಿಗಿಂತ ಹೆಚ್ಚು ಇಳಿದರೆ, ಇಳಿದ ಹಾಗೆಯೇ ಎಂಜಿನ್ ಸೊರಗಿದರೆ, ದೋಷ ಇಂಧನ ಬರುವ ದಾರಿಯಲ್ಲೇ ಇದೆ. ಮುಳ್ಳು ಜೋರಾಗಿ ನಡುಗಿದರೆ ಪಂಪಿಗೆ ಗಾಳಿ ಸಿಗುತ್ತಿದೆ ಅಥವಾ ವಿದ್ಯುತ್ ಸಂಪರ್ಕ ಬಿಟ್ಟು ಬಿಟ್ಟು ಬರುತ್ತಿದೆ.

ವ್ಯಾಕ್ಯೂಮ್ ಹೋಸು ಇರುವ ರೆಗ್ಯುಲೇಟರ್ (ಪ್ರೆಶರನ್ನು ಮಿತಿಯಲ್ಲಿಡುವ ಭಾಗ) ರೈಲಿನ ಮೇಲಿದ್ದರೆ ಲೆಕ್ಕ ಸ್ವಲ್ಪ ಬೇರೆ. ಐಡ್ಲಿಂಗ್‌ನಲ್ಲಿ ಸುಮಾರು 2.5 ಬಾರ್ ಇರುವುದು ಆ ಹೋಸು ಕಿತ್ತರೆ 3ಕ್ಕೆ ಏರಬೇಕು. ಪೂರ್ತಿ ಥ್ರಾಟಲ್‌ನಲ್ಲೂ ಅಷ್ಟೇ ಏರಿಕೆ ಕಾಣಬೇಕು. ಏರದೆ ಅಲ್ಲೇ ನಿಂತರೂ ಅದನ್ನು ಇಳಿಕೆ ಎಂದೇ ಎಣಿಸಿ. ಕಿತ್ತ ಹೋಸಿನಲ್ಲಿ ಪೆಟ್ರೋಲ್ ಹಸಿ ಇದ್ದರೆ ರೆಗ್ಯುಲೇಟರಿನ ಡಯಾಫ್ರಮ್ ಹರಿದಿದೆ, ಬದಲಾಯಿಸಲೇಬೇಕು.

ರಿಟರ್ನ್ ಲೈನ್ (ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪು) ಇರುವ ಹಳೆಯ ಕಾರುಗಳಲ್ಲಿ ಪಂಪ್ ಮಾಡ್ಯೂಲಿನ (ಪಂಪ್, ಬಕೆಟ್ ಎಲ್ಲ ಸೇರಿದ ಜೋಡಣೆಯ) ಎರಡು ಪೈಪುಗಳು ಒಂದೇ ಅಳತೆಯವಾಗಿದ್ದರೆ ಅದಲುಬದಲಾಗಿರುವುದೂ ಉಂಟು. ಆಗ ಪೆಟ್ರೋಲ್ ರೆಗ್ಯುಲೇಟರಿನ ಹಿಂದಿನಿಂದ ನುಗ್ಗಲು ನೋಡುತ್ತದೆ, ಗೇಜಿನ ಅಂಕಿಗೆ ತಲೆಬುಡ ಇರುವುದಿಲ್ಲ.

ಸ್ಕ್ಯಾನರ್ ಇದ್ದರೆ

ಗೇಜ್ ಹಾಕುವ ಮೊದಲೇ ಫ್ಯುಯೆಲ್ ಟ್ರಿಮ್ ನೋಡಿದರೆ ಎಷ್ಟೋ ಶ್ರಮ ಉಳಿಯುತ್ತದೆ. ಶಾರ್ಟ್ ಟರ್ಮ್ (ಆ ಕ್ಷಣದ ತಿದ್ದುಪಡಿ) ಮತ್ತು ಲಾಂಗ್ ಟರ್ಮ್ (ಕಲಿತಿಟ್ಟುಕೊಂಡದ್ದು) ಎರಡನ್ನೂ ಕೂಡಿಸಿ. ಮೊತ್ತ 10 ಶೇಕಡದ ಒಳಗೆ, ಪ್ಲಸ್ ಆಗಲಿ ಮೈನಸ್ ಆಗಲಿ, ಇದ್ದರೆ ಸರಿ. ಐಡ್ಲಿಂಗ್‌ನಲ್ಲಿ ಸರಿ ಇದ್ದು, ಲೋಡ್ ಹೆಚ್ಚಿದಂತೆ +15, +20, +25 ಎಂದು ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಏರ್‌ಫ್ಲೋ ಸೆನ್ಸರ್ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತಿದೆ. ಇವೆರಡನ್ನು ಬೇರ್ಪಡಿಸುವುದು ಪ್ರೆಶರ್ ಗೇಜ್ ಮಾತ್ರ. ತಿರುಗುಮುರುಗಾಗಿ, ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ವ್ಯಾಕ್ಯೂಮ್ ಲೀಕ್. ಪಂಪಿಗೂ ಇದಕ್ಕೂ ಸಂಬಂಧ ಇಲ್ಲ. ಬ್ಯಾಟರಿ ತೆಗೆದಿದ್ದರೆ ಲಾಂಗ್ ಟರ್ಮ್ ಸೊನ್ನೆಯಿಂದ ಶುರುವಾಗಿರುತ್ತದೆ, ಒಂದಷ್ಟು ದೂರ ಓಡಿಸಿದ ಮೇಲೆ ಓದಿ. ಇನ್ನೊಂದು ವಿಷಯ: ಪೂರ್ತಿ ಥ್ರಾಟಲ್‌ನಲ್ಲಿ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದನ್ನು ಹೆಚ್ಚಾಗಿ ಬಿಟ್ಟಿರುತ್ತದೆ, ಹಾಗಾಗಿ ಆ ಹೊತ್ತಿನ ಶಾರ್ಟ್ ಟರ್ಮ್ ಟ್ರಿಮ್‌ಗೆ ಅರ್ಥವಿಲ್ಲ. ಆಗ ನೋಡಬೇಕಾದ್ದು ಸೆನ್ಸರಿನ ವೋಲ್ಟೇಜನ್ನೇ. ಹಳೆಯ ಬಗೆಯ ಸೆನ್ಸರ್ ಆದರೆ 0.8ರಿಂದ 0.9 ವೋಲ್ಟಿನಲ್ಲಿ ನಿಲ್ಲಬೇಕು. ಮುಗ್ಗರಿಸುವಾಗ 0.2ರ ಕೆಳಗೆ ಬಿದ್ದರೆ ಪೆಟ್ರೋಲ್ ಕೊರತೆಯ ಅನುಮಾನ ಬಲವಾಯಿತು. ಅನುಮಾನ ಮಾತ್ರ, ಯಾಕೆಂದರೆ ಕಿಡಿ ತಪ್ಪಿದ ಸಿಲಿಂಡರಿನಿಂದಲೂ ಬಳಕೆಯಾಗದ ಆಕ್ಸಿಜನ್ ಹೊರಗೆ ಬರುತ್ತದೆ, ಸೆನ್ಸರಿಗೆ ಅದೂ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಆಗಿಯೇ ಕಾಣುತ್ತದೆ.

ಸ್ಕ್ಯಾನರ್ ತೋರಿಸುವ ದೋಷದ ಕೋಡುಗಳಲ್ಲಿ ಪಿ0171 ಮತ್ತು ಪಿ0174 ಲೀನ್ ಮಿಶ್ರಣ. ಪಿ0087 ರೈಲಿನಲ್ಲಿ ಪ್ರೆಶರ್ ಕಡಿಮೆ. ಪಿ0230 ಪಂಪಿನ ವಿದ್ಯುತ್ ಸರ್ಕ್ಯೂಟ್. ಪಿ0300 ಯಾವುದೇ ಒಂದು ಸಿಲಿಂಡರಿಗೆ ಸೀಮಿತವಲ್ಲದ ಮಿಸ್‌ಫೈರ್. ಪಂಪ್ ಹಾಕಿದ ಮೇಲೆ ಹೊಸದಾಗಿ ಪಿ0455 (ಟ್ಯಾಂಕಿನ ಆವಿಯ ವ್ಯವಸ್ಥೆಯಲ್ಲಿ ದೊಡ್ಡ ಸೋರಿಕೆ) ಬಂದಿದ್ದರೆ ಟ್ಯಾಂಕಿನ ಬಾಯಿಯ ದೊಡ್ಡ ರಬ್ಬರ್ ಸೀಲ್ ಸರಿಯಾಗಿ ಕೂತಿಲ್ಲ ಎನ್ನುವುದೇ ಮೊದಲ ಅನುಮಾನ. ಅದರಿಂದ ಮುಗ್ಗರಿಸುವುದಿಲ್ಲ, ಆದರೆ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ. ಆ ಸೀಲನ್ನು ಪ್ರತಿ ಸಲವೂ ಹೊಸದೇ ಹಾಕಬೇಕು. ಪೆಟ್ರೋಲಿನಲ್ಲಿ ಉಬ್ಬಿದ ಹಳೆಯದು ಮರಳಿ ಕೂರುವುದಿಲ್ಲ.

ಪಂಪಿಗೆ ಕರೆಂಟ್ ಸರಿಯಾಗಿ ಬರುತ್ತಿದೆಯೇ

ಲೋಡಿನಲ್ಲಿ ಪ್ರೆಶರ್ ಇಳಿಯುತ್ತಿದೆ ಎಂದು ಖಚಿತವಾದ ಮೇಲೆ ಟ್ಯಾಂಕ್ ತೆರೆಯುವ ಮುನ್ನ ಮಾಡಬೇಕಾದ ಕೆಲಸ ಇದು. ಕನೆಕ್ಟರ್ ಕಿತ್ತು ಮೀಟರ್ ಹಿಡಿದರೆ ಹದಗೆಟ್ಟ ವೈರಿನಲ್ಲೂ ಪೂರ್ತಿ 12 ವೋಲ್ಟ್ ಕಾಣುತ್ತದೆ, ಕಾರಣ ಕರೆಂಟ್ ಹರಿಯುತ್ತಿಲ್ಲ. ಕನೆಕ್ಟರ್ ಹಾಕಿದ್ದಂತೆಯೇ ಹಿಂಬದಿಯಿಂದ ಸೂಜಿ ಪ್ರೋಬ್ ತೂರಿಸಿ, ಎಂಜಿನ್ ಓಡುತ್ತಿರುವಾಗ ಅಳೆಯಿರಿ. ಬ್ಯಾಟರಿಯಲ್ಲಿ 14.0 ಇದ್ದರೆ ಪಂಪಿನ ಎರಡು ಪಿನ್ನುಗಳ ನಡುವೆ 13.5ಕ್ಕಿಂತ ಕಡಿಮೆ ಇರಬಾರದು. ಒಂದು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ಮುಗ್ಗರಿಕೆಗೆ ಅದೇ ಸಾಕು. ಪ್ರೆಶರಿಗೆ ವಿರುದ್ಧವಾಗಿ ತಳ್ಳಬೇಕಾದ ಪಂಪಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಹರಿವು ಅದಕ್ಕಿಂತ ವೇಗವಾಗಿ ಇಳಿಯುತ್ತದೆ.

ಎಲ್ಲಿ ಕಳೆಯುತ್ತಿದೆ ಎಂದು ಹುಡುಕಲು ಅರ್ತ್ ಕಡೆಯಿಂದ ಶುರು ಮಾಡಿ: ಪಂಪಿನ ಅರ್ತ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ, ಪಂಪ್ ಓಡುತ್ತಿರುವಾಗ, 0.2 ವೋಲ್ಟಿಗಿಂತ ಹೆಚ್ಚು ಇರಬಾರದು. ಹೆಚ್ಚಿದ್ದರೆ ಬಾಡಿಗೆ ಬೋಲ್ಟ್ ಹಾಕಿರುವ ಅರ್ತ್ ಪಾಯಿಂಟ್ ತುಕ್ಕು ಹಿಡಿದಿದೆ. ಅರ್ತ್ ಸರಿ ಇದ್ದರೆ ಪಾಸಿಟಿವ್ ಕಡೆ ರಿಲೇಯ ಕಾಂಟ್ಯಾಕ್ಟ್, ಫ್ಯೂಸ್ ಹಿಡಿಯುವ ಕ್ಲಿಪ್, ಟ್ಯಾಂಕಿನ ಮೇಲಿನ ಕನೆಕ್ಟರ್ ಹೀಗೆ ಒಂದೊಂದೇ ತುದಿಯಿಂದ ಬನ್ನಿ. ಹಳೆಯ ಪಂಪ್ ಸಾಯುವ ಮುಂಚೆ ಹೆಚ್ಚು ಕರೆಂಟ್ ಎಳೆದು ಕನೆಕ್ಟರನ್ನು ಸುಟ್ಟಿರುವುದು ತೀರಾ ಸಾಮಾನ್ಯ. ಪಿನ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಕರಗಿದ್ದರೆ ಹೊಸ ಕನೆಕ್ಟರ್ ಹಾಕದೆ ಬೇರೆ ದಾರಿಯಿಲ್ಲ. ಉಜ್ಜಿ ಹಾಕಿದರೆ ಹೊಸ ಪಂಪೂ ಅದೇ ದಾರಿ ಹಿಡಿಯುತ್ತದೆ. ಮಾಡ್ಯೂಲಿನೊಳಗೆ, ಪೆಟ್ರೋಲಿನಲ್ಲಿ ಮುಳುಗುವ ಜಾಗದಲ್ಲಿ, ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರೆ ಅದರ ಅಂಟು ಪೆಟ್ರೋಲಿನಲ್ಲಿ ಕರಗಿ ಹೋಗಿರುತ್ತದೆ. ಅಲ್ಲಿ ಪಂಪಿನ ಜತೆ ಬರುವ ಟರ್ಮಿನಲ್‌ಗಳನ್ನೇ ಕ್ರಿಂಪ್ ಮಾಡಬೇಕು.

ವೈರ್ ಅದಲುಬದಲಾದರೆ ಪಂಪ್ ಉಲ್ಟಾ ತಿರುಗುತ್ತದೆ. ಸದ್ದು ಬರುತ್ತದೆ, ಪ್ರೆಶರ್ ಮಾತ್ರ ಏಳುವುದಿಲ್ಲ. ಮೋಟರಿನ ತಲೆಯ ಮೇಲಿನ ಪ್ಲಸ್ ಗುರುತನ್ನು ವೈರಿಗೆ ಹೊಂದಿಸಿ ನೋಡಿ, ವೈರ್ ಬಣ್ಣವನ್ನು ನಂಬಬೇಡಿ.

ಕ್ಲಾಂಪ್ ಮೀಟರ್ ಇದ್ದರೆ ಕರೆಂಟನ್ನೂ ಓದಿ. ಸಾಮಾನ್ಯ ಕಾರಿನ ಪಂಪ್ ಹೆಚ್ಚುಕಡಿಮೆ 4ರಿಂದ 8 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಸರಿ, ಪ್ರೆಶರ್ ಕಡಿಮೆ, ಆಂಪಿಯರೂ ಕಡಿಮೆ ಎಂದರೆ ಪಂಪಿಗೆ ಶ್ರಮವೇ ಬೀಳುತ್ತಿಲ್ಲ: ಒಳಪೈಪು ಸೋರುತ್ತಿದೆ, ರೆಗ್ಯುಲೇಟರ್ ತೆರೆದೇ ಇದೆ, ಅಥವಾ ಪಂಪ್ ಗಾಳಿ ಎಳೆಯುತ್ತಿದೆ. ಆಂಪಿಯರ್ ಹೆಚ್ಚು, ರೈಲಿನಲ್ಲಿ ಪ್ರೆಶರ್ ಕಡಿಮೆ ಎಂದರೆ ಮುಂದೆ ಎಲ್ಲೋ ಕಟ್ಟಿಕೊಂಡಿದೆ. ಫಿಲ್ಟರ್, ಅಥವಾ ಚಪ್ಪಟೆಯಾದ ಪೈಪು.

ಒಂದು ಎಚ್ಚರಿಕೆ: ಹಲವು ಕಾರುಗಳಲ್ಲಿ ಪಂಪಿನ ವೇಗವನ್ನು ಒಂದು ಕಂಟ್ರೋಲ್ ಮಾಡ್ಯೂಲ್ ನಿರ್ಧರಿಸುತ್ತದೆ. ಅದು ಕರೆಂಟನ್ನು ಕ್ಷಣಕ್ಷಣವೂ ಕಡಿದು ಕಡಿದು ಕೊಡುವುದರಿಂದ ಮಲ್ಟಿಮೀಟರ್ 7 ಅಥವಾ 9 ವೋಲ್ಟ್ ತೋರಿಸಬಹುದು. ಅದು ದೋಷವಲ್ಲ. ಲೋಡಿನಲ್ಲಿ ಈ ಅಂಕಿ ಏರುತ್ತದೆಯೇ ಎಂಬುದಷ್ಟೇ ಮುಖ್ಯ. ಏರದಿದ್ದರೆ ಮಾಡ್ಯೂಲನ್ನೂ ಅದರ ಅರ್ತನ್ನೂ ಪರೀಕ್ಷಿಸಿ. ಮೂರು ದಪ್ಪ ವೈರ್ ಹೋಗುವ ಬ್ರಷ್‌ಲೆಸ್ ಪಂಪಿಗೆ ನೇರ 12 ವೋಲ್ಟ್ ಕೊಟ್ಟು ಓಡಿಸಲು ಹೋಗಬೇಡಿ.

ಹರಿವು ಎಷ್ಟಿದೆ

ಪ್ರೆಶರ್ ಬೇರೆ, ಹರಿವು ಬೇರೆ. ಲೈನನ್ನು ರೈಲಿನ ಹತ್ತಿರ ಬಿಚ್ಚಿ, ಪೆಟ್ರೋಲಿಗೆ ಆಗುವ ಹೋಸಿನಿಂದ ಅಳತೆ ಗುರುತಿರುವ ಇಂಧನ ಕ್ಯಾನಿಗೆ ಬಿಟ್ಟು, ರಿಲೇ ಜಂಪರ್ ಹಾಕಿ 30 ಸೆಕೆಂಡ್ ಓಡಿಸಿ. ಸುಮಾರು ಒಂದು ಲೀಟರ್ ಬಂದರೆ ಆರೋಗ್ಯವಾಗಿದೆ. ಅರ್ಧ ಲೀಟರಿಗೂ ಕಡಿಮೆ ಬಂದರೆ ಕಾರಣ ಹುಡುಕಲೇಬೇಕು. ಈ ಪರೀಕ್ಷೆಯ ಒಂದು ಕೊರತೆ ಎಂದರೆ, ಎದುರಿನಿಂದ ಒತ್ತಡವೇ ಇಲ್ಲದಾಗ ಸೊರಗಿದ ಪಂಪೂ ಧಾರಾಳವಾಗಿ ಸುರಿಯುತ್ತದೆ. ಹರಿವು ಕಡಿಮೆ ಬಂದರೆ ದೋಷ ಖಚಿತ. ಚೆನ್ನಾಗಿ ಬಂದರೆ ಪಂಪ್ ಚೆನ್ನಾಗಿದೆ ಎಂದು ಸಾಬೀತಾಗುವುದಿಲ್ಲ.

ಕ್ಯಾನಿಗೆ ಬಂದ ಪೆಟ್ರೋಲಿನಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆಯಾಗಿ ನಿಂತ ಪದರ ಇದ್ದರೆ ನೀರು. ಕೆಂಪು ಹುಡಿ ಇದ್ದರೆ ಟ್ಯಾಂಕಿನ ತುಕ್ಕು. ಪಂಪ್ ಬದಲಾಯಿಸುವಾಗ ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಯಾವುದೋ ಕೊಳೆ ಕ್ಯಾನಿನಲ್ಲಿಟ್ಟು ಮರಳಿ ಸುರಿದಿದ್ದರೆ ಹೀಗಾಗುವುದು ಸಹಜ. ತಳದಲ್ಲಿ ಕೂತಿದ್ದ ಕಸ ಕೆಲಸದ ವೇಳೆ ಕದಡಿ, ಹೊರಗಿನ ಫಿಲ್ಟರಿಗೆ ಬಂದು ಸೇರುವುದೂ ಉಂಟು. ಹೊರಗೆ ಬೇರೆ ಫಿಲ್ಟರ್ ಇದ್ದರೆ ಪಂಪಿನ ಜತೆಗೇ ಬದಲಾಯಿಸಿ, ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಟ್ಯಾಂಕ್ ಮತ್ತೆ ತೆರೆಯಬೇಕಾದಾಗ

ವೋಲ್ಟೇಜ್ ಸರಿ, ಹೊರಗಿನ ಫಿಲ್ಟರ್ ಹೊಸದು, ಲೈನ್ ಎಲ್ಲೂ ಚಪ್ಪಟೆಯಾಗಿಲ್ಲ, ಆದರೂ ಲೋಡಿನಲ್ಲಿ ಪ್ರೆಶರ್ ಇಳಿಯುತ್ತಿದೆ. ಈಗ ಮಾಡ್ಯೂಲ್ ಹೊರತೆಗೆಯಲೇಬೇಕು. ಪೂರ್ತಿ ಮಾಡ್ಯೂಲ್ ಬದಲಾಯಿಸಿದವರಿಗಿಂತ ಒಳಗಿನ ಮೋಟರ್ ಮಾತ್ರ ಹಾಕಿದವರಿಗೆ ಇಲ್ಲಿ ಕೆಲಸ ಹೆಚ್ಚು.

ಮೊದಲ ಅಪರಾಧಿ ಪಂಪಿನಿಂದ ಮಾಡ್ಯೂಲಿನ ಮುಚ್ಚಳಕ್ಕೆ ಹೋಗುವ ಗೇಣುದ್ದದ ಪೈಪು. ಕ್ಲಿಪ್ ಬಿಗಿಯಾಗಿಲ್ಲದಿದ್ದರೆ, ಪ್ಲಾಸ್ಟಿಕ್ ಪೈಪಿನ ಮಡಿಕೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೆ, ಪೆಟ್ರೋಲ್ ಮರಳಿ ಟ್ಯಾಂಕಿಗೇ ಚಿಮ್ಮುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ. ಪೈಪನ್ನು ಬಗ್ಗಿಸಿ, ಬೆಳಕಿಗೆ ಹಿಡಿದು, ಮಡಿಕೆಗಳ ನಡುವೆ ನೋಡಿ. ರಬ್ಬರ್ ಹೋಸು ಹಾಕುವುದಾದರೆ ಪೆಟ್ರೋಲಿನಲ್ಲಿ ಮುಳುಗಿಸಿಡಲೆಂದೇ ಮಾಡಿದ್ದನ್ನು ಹಾಕಬೇಕು. ಅದರ ಮೇಲೆ ಎಸ್‌ಎಇ 30ಆರ್10 ಎಂದು ಅಚ್ಚಾಗಿರುತ್ತದೆ. ಬಾನೆಟ್ಟಿನೊಳಗೆ ಬಳಸುವ 30ಆರ್9 ಹೋಸಿನ ಹೊರಮೈ ಪೆಟ್ರೋಲ್ ತಡೆಯುವುದಿಲ್ಲ. ಕೆಲವೇ ತಿಂಗಳಲ್ಲಿ ಮೆತ್ತಗಾಗಿ, ಉಬ್ಬಿ, ಕ್ಲಿಪ್ಪಿನಿಂದ ಜಾರುತ್ತದೆ.

ಎರಡನೆಯದು ಓ-ರಿಂಗ್. ರಿಟರ್ನ್ ಲೈನ್ ಇಲ್ಲದ ಕಾರುಗಳಲ್ಲಿ ರೆಗ್ಯುಲೇಟರ್ ಮಾಡ್ಯೂಲಿನಲ್ಲೇ ಇರುತ್ತದೆ, ಓ-ರಿಂಗ್ ಹಾಕಿ ಒತ್ತಿ ಕೂರಿಸಿರುತ್ತಾರೆ. ಜೋಡಿಸುವಾಗ ಅದು ಸುರುಳಿಯಾದರೆ, ಕತ್ತರಿಸಿದರೆ ಅಥವಾ ಹಳೆಯದು ತೂತಿನಲ್ಲೇ ಉಳಿದು ಎರಡು ಸೇರಿಕೊಂಡರೆ ಸೋರುತ್ತದೆ. ಕೂರಿಸುವ ಮುನ್ನ ಶುದ್ಧ ಎಂಜಿನ್ ಆಯಿಲ್ ಒಂದು ಹನಿ ಸವರಿ. ಸಿಲಿಕೋನ್ ಸೀಲಂಟ್ ಬೇಡ, ಅದು ಪೆಟ್ರೋಲಿನಲ್ಲಿ ಬಿಟ್ಟುಕೊಂಡು ಇಂಜೆಕ್ಟರ್ ಕಟ್ಟುತ್ತದೆ.

ಸ್ಟ್ರೈನರ್ ಬಗ್ಗೆ ಆಗಲೇ ಹೇಳಿದೆ. ಅದು ಟ್ಯಾಂಕಿನ ಅಥವಾ ಬಕೆಟ್ಟಿನ ತಳಕ್ಕೆ ಹಗುರವಾಗಿ ಚಪ್ಪಟೆಯಾಗಿ ತಾಗಿರಬೇಕು. ಒಂದು ಬದಿಗೆ ಎದ್ದಿದ್ದರೆ ಪೆಟ್ರೋಲ್ ಇಳಿದಂತೆ ಗಾಳಿ ಎಳೆಯುತ್ತದೆ. ಪಂಪ್ ಬಕೆಟ್ಟಿನಲ್ಲಿ ಪೂರ್ತಿ ಕೆಳಗಿಳಿದು ಕೂರದಿದ್ದರೂ ಇದೇ ಪರಿಣಾಮ. ಪಂಪಿನ ಜತೆ ಬಂದ ಸ್ಟ್ರೈನರ್ ಆಕಾರದಲ್ಲಿ ಬೇರೆಯಾಗಿದ್ದರೆ ಹಳೆಯದರ ಕೋನಕ್ಕೆ ಹೋಲಿಸಿ ಕೂರಿಸಿ. ಹಾಗೆಂದು ಹಳೆಯ ಸ್ಟ್ರೈನರನ್ನೇ ಮರಳಿ ಹಾಕಬೇಡಿ. ಬಕೆಟ್ ತುಂಬಿಸುವ ಜೆಟ್ ಪಂಪಿನ ಸಣ್ಣ ತೂತಿನಲ್ಲಿ ಕಸ ಸಿಕ್ಕಿದೆಯೇ, ಅದಕ್ಕೆ ಹೋಗುವ ಕಿರುಪೈಪು ಜೋಡಿಸಲು ಬಿಟ್ಟುಹೋಗಿದೆಯೇ ಎಂದೂ ನೋಡಿ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಕಾರ್ಡನ್ ಶಾಫ್ಟಿನ ಎರಡೂ ಬದಿಗೆ ಇಳಿಬಿದ್ದ ಟ್ಯಾಂಕ್ ಇರುವ ಗಾಡಿಗಳಲ್ಲಿ ಒಂದು ಬದಿಯ ಪೆಟ್ರೋಲನ್ನು ಇನ್ನೊಂದು ಬದಿಗೆ ತರುವುದೂ ಇಂಥ ಜೆಟ್ ಪಂಪೇ. ಅದು ಸೋತರೆ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿರುವಾಗಲೇ ಪೆಟ್ರೋಲ್ ಖಾಲಿಯಾದಂತೆ ಗಾಡಿ ಮುಗ್ಗರಿಸುತ್ತದೆ.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ಹೊಸ ಪಂಪಿನ ಮೇಲೆ ಬೆರಳು ಮಾಡಿ. ಆಗಲೂ ‘ಕಳಪೆ’ಗಿಂತ ‘ತಪ್ಪು ಪಂಪ್’ ಎನ್ನುವುದೇ ಹೆಚ್ಚು. ನೋಡಲು ಒಂದೇ ರೀತಿ ಇರುವ ಮೋಟರುಗಳು ಬೇರೆ ಬೇರೆ ಪ್ರೆಶರಿಗೆ, ಬೇರೆ ಬೇರೆ ಹರಿವಿಗೆ ಇರುತ್ತವೆ. ಟರ್ಬೊ ಇರುವ ಮಾದರಿಗೆ ಟರ್ಬೊ ಇಲ್ಲದ ಮಾದರಿಯ ಪಂಪ್ ಹಾಕಿದರೆ ಐಡ್ಲಿಂಗ್ ಚೊಕ್ಕವಾಗಿರುತ್ತದೆ, ಬೂಸ್ಟ್ ಬಂದ ಕೂಡಲೇ ಕೈಕೊಡುತ್ತದೆ. ಪಾರ್ಟ್ ನಂಬರನ್ನು ಚಾಸಿಸ್ ನಂಬರಿಗೆ ಹೊಂದಿಸಿ ಖಾತ್ರಿ ಮಾಡಿಕೊಳ್ಳಿ.

ಕಾರ್ಬ್ಯುರೇಟರ್ ಗಾಡಿಗಳಲ್ಲಿ ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು. ಅವಕ್ಕೆ ಬೇಕಾದ್ದು ಬರೀ 0.2ರಿಂದ 0.4 ಬಾರ್. ಇಂಜೆಕ್ಷನ್ ಕಾರಿನ ಪಂಪನ್ನೋ ಪ್ರೆಶರ್ ಹೆಚ್ಚಿರುವ ಇನ್ಯಾವುದೋ ಎಲೆಕ್ಟ್ರಿಕ್ ಪಂಪನ್ನೋ ಹಾಕಿದರೆ ನೀಡಲ್ ವಾಲ್ವ್ ತಡೆಯಲಾರದೆ ಫ್ಲೋಟ್ ಚೇಂಬರ್ ಉಕ್ಕಿ, ರಿಚ್ (ಪೆಟ್ರೋಲ್ ಹೆಚ್ಚು) ಆಗಿ, ಕಪ್ಪು ಹೊಗೆಯ ಜತೆ ಮುಗ್ಗರಿಸುತ್ತದೆ.

ಪ್ರೆಶರ್ ಸರಿಯಾಗಿಯೇ ಇದ್ದರೆ

ಏರಿನಲ್ಲಿ ಮುಗ್ಗರಿಸುತ್ತಿರುವಾಗಲೂ ಗೇಜಿನ ಮುಳ್ಳು ಅಲುಗಲಿಲ್ಲವೆಂದರೆ ಟ್ಯಾಂಕಿನ ಕಡೆ ಮತ್ತೆ ತಿರುಗಿ ನೋಡಬೇಕಿಲ್ಲ. ಏರ್‌ಫ್ಲೋ ಸೆನ್ಸರನ್ನು ಅದಕ್ಕೆಂದೇ ಸಿಗುವ ಕ್ಲೀನರಿನಿಂದ ತೊಳೆದು ಟ್ರಿಮ್ ಮತ್ತೆ ನೋಡಿ. ಏರ್ ಫಿಲ್ಟರಿನಿಂದ ಥ್ರಾಟಲ್‌ವರೆಗಿನ ಹೋಸಿನ ಮಡಿಕೆಗಳಲ್ಲಿ ಬಿರುಕಿದೆಯೇ ಎಂದು ಹಿಗ್ಗಿಸಿ ನೋಡಿ, ಎಂಜಿನ್ ಲೋಡಿನಲ್ಲಿ ವಾಲಿದಾಗ ಮಾತ್ರ ಆ ಬಿರುಕು ಬಾಯಿ ತೆರೆಯುತ್ತದೆ. ಪ್ಲಗ್ಗಿನ ಗ್ಯಾಪ್ ಹೇಳಿದ್ದಕ್ಕಿಂತ ಹೆಚ್ಚಾಗಿದ್ದರೆ, ಪಿಂಗಾಣಿಯ ಮೇಲೆ ಉದ್ದಕ್ಕೆ ಕಪ್ಪು ಗೆರೆ ಇದ್ದರೆ, ಲೋಡಿನಲ್ಲಿ ಕಿಡಿ ಹೊರಗಿನಿಂದಲೇ ಹಾರಿಹೋಗುತ್ತಿದೆ. ಪ್ಲಗ್ಗನ್ನೂ ಕಾಯಿಲಿನ ರಬ್ಬರ್ ಬೂಟನ್ನೂ ಒಟ್ಟಿಗೆ ಬದಲಾಯಿಸಿ.

ಪ್ರೆಶರೂ ಸರಿ, ಟ್ರಿಮ್ಮೂ ಸರಿ, ಮಿಸ್ಸಿಂಗೂ ಇಲ್ಲ, ಆದರೂ ಮೇಲಿನ ಆರ್‌ಪಿಎಂಗೆ ಏರುವುದಿಲ್ಲ ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಭಾಗ) ಕಟ್ಟಿದೆಯೇ ನೋಡಬೇಕು. ಹಿಂದೆ ತುಂಬಾ ದಿನ ಮಿಸ್‌ಫೈರ್‌ನಲ್ಲೇ ಓಡಿಸಿದ ಗಾಡಿಗಳಲ್ಲಿ ಒಳಗಿನ ಜೇನುಗೂಡು ಕರಗಿ ಮುಚ್ಚಿಕೊಂಡಿರುತ್ತದೆ. ತಣ್ಣಗಿರುವಾಗ ಕನ್ವರ್ಟರಿಗಿಂತ ಮುಂಚಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ ಬ್ಯಾಕ್ ಪ್ರೆಶರ್ ಗೇಜ್ ಹಾಕಿ. ಐಡ್ಲಿಂಗ್‌ನಲ್ಲಿ 0.1 ಬಾರ್, 2,500 ಆರ್‌ಪಿಎಂನಲ್ಲಿ 0.2 ಬಾರ್ ದಾಟಬಾರದು. ದಾಟಿದರೆ ಕನ್ವರ್ಟರ್ ಬದಲಾಯಿಸುವ ಮೊದಲು ಆ ಮಿಸ್‌ಫೈರ್ ಯಾಕೆ ಬಂತು ಎಂದು ಕಂಡುಹಿಡಿದು ಸರಿಪಡಿಸಿ, ಇಲ್ಲವಾದರೆ ಹೊಸದೂ ಕರಗುತ್ತದೆ.